ಭಂಡಾರದ ಆಣೆ

ಕೂಲಿಯಾಳುಗಳ ಮುಕಾದಮ್ ಭರಮಪ್ಪ ಮಾವನವರಿಗೆ,

ಗೋವಾದ ಚಿಂಬಲ್‌ನಿಂದ ಬಾಳಮ್ಮನ ನಮಸ್ಕಾರ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಪಕ್ಕದ ಮನೆಯ ಹುಡುಗನ ಕೈಲಿ ಈ ಪತ್ರ.

ನಿಮ್ಮ ಮಾತಿಗೆ ಗುಡ್ಡದಲ್ಲಿ ಕದ್ದು ಮರ ಕಡಿಯುವಾಗ ನಮ್ಮವರ ತೊಡೆಗೆ ಉಣ್ಣಿ ಕಚ್ಚಿತ್ತು. ಕೆಂಪು ಬಳೆಯಂಥ ಗುರುತು ಎದ್ದಾಗ ಗಜಕರ್ಣವೆಂದು ಮುಲಾಮು ಹಚ್ಚಿದೆವು. ಈಗ ಮೊಣಕಾಲು ಬಾತಿದೆ, ಬಾಯಿ ಸೊಟ್ಟಗಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ. ಡಾಕ್ಟರಿಗೆ ಲೈಮ್ ಎಂಬ ಉಣ್ಣಿ ಕಾಯಿಲೆಯ ಅನುಮಾನ. ಖಚಿತಪಡಿಸಿಕೊಳ್ಳಲು, ಕಾಡಿಗೆ ಹೋಗಿದ್ದೆಯಾ ಎಂದು ದಿನವೂ ಕೇಳುತ್ತಾರೆ.

“ಇಲ್ರಿ, ಪಣಜ್ಯಾಗ ಗಾರೆ ಕೆಲಸ” ಅನ್ನುತ್ತಾರೆ ಇವರು, ಅದೇ ಸೊಟ್ಟ ಬಾಯಲ್ಲಿ.

ಯಾರಿಗೂ ಹೇಳಬಾರದೆಂದು ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಹಾಕಿಸಿದವರು ನೀವು. ನಾನು ಬೈದರೆ, “ಭರಮಪ್ಪ ಕಾಕಾ ಬಂದು ಆಣಿ ಬಿಡಸೂತನಕ ಹೇಳಾಂಗಿಲ್ಲ” ಎಂದು ಗೋಡೆಗೆ ತಿರುಗುತ್ತಾರೆ.

ನಾಳೆ ಡಾಕ್ಟರು ಬರುವ ಮೊದಲು ಬಂದು ಬಿಡಿಸಿ. ಬಾರದಿದ್ದರೆ ನಾನೇ ಹೇಳುತ್ತೇನೆ. ಭಂಡಾರ ಮುಟ್ಟಿದವರು ಅವರು, ನಾನಲ್ಲ.

ಇಂತಿ,
ಭೀಮಶಿಯ ಹೆಂಡತಿ ಬಾಳಮ್ಮ