ನೀಲಗಂಗವ್ವನ ಕೊನೆಯ ಅಧ್ಯಾಯದ ಬಗ್ಗೆ

ಹಾವೇರಿ
ಮರುಗಣನೆಯ ೯೪ನೆಯ ವರ್ಷ, ಮೂರನೆಯ ಆಷಾಢದ ಮೂವತ್ತೆರಡು

ಧಾರಾವಾಹಿ ಲೇಖಕಿ ಶ್ರೀಮತಿ ಇಂದುಮತಿ ಬಳಿಗಾರ ಅವರಿಗೆ,

ನಾನು ಸರ್ವಮಂಗಳಾ ಮಲ್ಲೇಶಪ್ಪ ಕಡೇಮನಿ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಶಾಲೆಯಲ್ಲೇ ಮೂವತ್ತಾರು ವರ್ಷ ಕಲಿಸಿ ನಿವೃತ್ತಳಾದವಳು. ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗದು. ನಿಮಗಿಂತ ಎಂಟು ತಲೆಮಾರು ಈಚಿನದು. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಮ್ಮುಖ ಅಂಚೆಯಲ್ಲಿ ನಮಗೆ ಜನ್ಮಕ್ಕೊಂದೇ ಪತ್ರ ಹಿಂದಿನ ಕಾಲಕ್ಕೆ ಕಳಿಸಲು ಅವಕಾಶ. ಅದನ್ನು ನಿಮಗೆ ಬರೆಯಬೇಕಾಗಿ ಬಂದದ್ದಕ್ಕೆ ನನಗೆ ಸಿಟ್ಟಿದೆ.

ನಮ್ಮಲ್ಲಿ ಕಾಗದ ಅಪರೂಪ. ಊರಿಗೊಂದು ಓದುಕಟ್ಟೆ, ಅಲ್ಲೊಂದು ಕಪಾಟು. ಸಂಜೆ ಜನ ಚಾಪೆ ತಂದು ಕೂರುತ್ತಾರೆ. ಒಬ್ಬರು ಓದುತ್ತಾರೆ, ಉಳಿದವರು ಶೇಂಗಾ ಸುಲಿಯುತ್ತ ಕೇಳುತ್ತಾರೆ. ಯಾವ ಪುಸ್ತಕ ಉಳಿಯಬೇಕೆಂದು ತೀರ್ಮಾನಿಸುವುದು ಮುಂಗಾಣಿ ಎಂಬ ಯಂತ್ರ. ಮೊದಲ ಹತ್ತು ಪುಟ ಕೇಳಿ ಅದು ಕೊನೆಯನ್ನು ಹೇಳುತ್ತದೆ. ಸರಿಯಾಗಿ ಹೇಳಿಬಿಟ್ಟರೆ ಆ ಪುಸ್ತಕವನ್ನು ಅರೆದು ಹೊಸ ಕಾಗದ ಮಾಡುತ್ತಾರೆ.

ನಿಮ್ಮ ಧಾರಾವಾಹಿ ಉಳಿದಿದೆ. ಸಂತೋಷಪಡಬೇಡಿ. ಅತ್ತೆ ನೀಲಗಂಗವ್ವ ಕೊನೆಗೆ ಸೊಸೆಯ ಕೈಗೆ ಬೀಗದ ಕೈ ಕೊಡುತ್ತಾಳೆಂದು ಮೊದಲ ಕಂತಿನಲ್ಲೇ ಎಲ್ಲರಿಗೂ ಗೊತ್ತಾಗುತ್ತದೆ. ಆಗಲಿ! ಸಾರಿಗೆ ಉಪ್ಪಿಲ್ಲವೆಂದು ಓಣಿಗೆಲ್ಲ ಕೇಳುವಂತೆ ಬೈದು ಅದನ್ನೇ ಎರಡು ಸಲ ಬಡಿಸಿಕೊಳ್ಳುವವಳು; ಸೊಸೆಯ ತವರಿನವರನ್ನು ಹಂಗಿಸಿ, ಅವರು ಹೊರಟಾಗ ಬುತ್ತಿಗೆ ಎರಡು ಹೋಳಿಗೆ ಹೆಚ್ಚಿಗೆ ಇಡುವವಳು. ಆ ಹೆಂಗಸು ನಾಳೆ ಏನು ಮಾಡುತ್ತಾಳೆಂದು ಯಾವ ಯಂತ್ರ ಹೇಳೀತು? ಆದರೆ ಓದುಗರು ಕೊನೆ ಗೊತ್ತಾಯಿತೆಂದು ಛೇಡಿಸಿದ್ದಕ್ಕೆ ನೀವು ಬೆದರಿದಿರಿ. ಕೊನೆಯ ಅಧ್ಯಾಯದಲ್ಲಿ ಇವಳು ನೀಲಗಂಗವ್ವನೇ ಅಲ್ಲ, ಆಸ್ತಿಗಾಗಿ ಬಂದ ಅವಳಿ ತಂಗಿ ಎಂದುಬಿಟ್ಟಿರಿ. ಹಾಗಾದರೆ ಆ ಹೋಳಿಗೆಯೂ ನಾಟಕವೇ? ಮುಂಗಾಣಿ ಸೋತಿತು, ಪುಸ್ತಕ ಗೆದ್ದಿತು, ನೀಲಗಂಗವ್ವ ಸತ್ತಳು.

ಕಟ್ಟೆಯ ಮೇಲ್ವಿಚಾರಕ ವಿರೂಪಾಕ್ಷ ನನ್ನ ಶಿಷ್ಯ. ನಿಯಮ ಬದಲಿಸೆಂದು ಕೇಳಲು ಹೋದೆ.

“ಕೊನಿ ಗೊತ್ತಿದ್ದ ಮ್ಯಾಲೆ ಓದೂದ್ಯಾಕ್ರೀ ಅಕ್ಕೋರೇ?” ಎಂದ.

“ನಿನ್ನ ತಂಗಿ ಮದುವಿ ಆಗಿ ಹೋಗ್ತಾಳಂತ ಗೊತ್ತಿತ್ತಲ್ಲ, ಮತ್ಯಾಕ ಚಪ್ಪರದಾಗ ನಿಂತು ಅತ್ತಿ?”

ತಲೆ ಕೆರೆದುಕೊಂಡನೇ ಹೊರತು ನಿಯಮ ಬದಲಿಸಲಿಲ್ಲ.

ಈ ಪತ್ರ ತಲುಪುವ ವಾರ ನೀವು ಕೊನೆಯ ಅಧ್ಯಾಯಕ್ಕೆ ಕೂರುತ್ತೀರಿ. ಎಲ್ಲರೂ ಊಹಿಸಿದ್ದನ್ನೇ ಬರೆಯಿರಿ. ಬೀಗದ ಕೈ ಕೊಡಿಸಿ. ಕೊಡುವಾಗ ಅವಳು ಏನೆಂದು ಬೈಯುತ್ತಾಳೋ ಅದು ಮಾತ್ರ ನಿಮಗೇ ಗೊತ್ತು. ಹಾಗೆ ಬರೆದರೆ ನಮ್ಮ ಕಪಾಟಿನಲ್ಲಿ ನಿಮ್ಮ ಪುಸ್ತಕ ಇರುವುದಿಲ್ಲ. ಯೋಚಿಸಿಯೇ ಕೇಳುತ್ತಿದ್ದೇನೆ.

ಲಗತ್ತುಗಳು:
೧. ನಿಮ್ಮ ಕೊನೆಯ ಅಧ್ಯಾಯ, ಕೆಂಪು ಶಾಯಿಯಲ್ಲಿ ತಿದ್ದಿದ್ದು. ಅಂಕ: ಸೊನ್ನೆ.
೨. ಖಾಲಿ ಹಾಳೆ, ನಾಲ್ಕು. ನನ್ನ ಪಾಲಿನವು, ವ್ಯರ್ಥ ಮಾಡಬೇಡಿ.
೩. ಹೋಳಿಗೆಯ ಪುಟ, ನನ್ನ ಕೈಬರಹದ ನಕಲು. ನೋಡಿದ ಮೇಲೆ ದಯವಿಟ್ಟು ಹಿಂದಿರುಗಿಸಿ. ಪುಸ್ತಕ ಹೋದ ಮೇಲೆ ನನ್ನಲ್ಲಿ ಉಳಿಯುವುದು ಅದೊಂದೇ.