ವೆರಿಂಡಾ ಗೇಟಿನ ಮೇಲೆ ನಿಂತ ಐವತ್ತೆರಡು ನಿಮಿಷ

ಹಳಿಗಳ ಉಸ್ತುವಾರಿ ಹೊತ್ತ ಮುಖ್ಯಾಧಿಕಾರಿಗಳೇ,

ನಿಮ್ಮ ಗೂಡ್ಸ್ ಗಾಡಿ ನಮ್ಮೂರಿನ ಒಂದೇ ಒಂದು ರೈಲ್ವೆ ಗೇಟಿಗೆ ಅಡ್ಡವಾಗಿ ಐವತ್ತೆರಡು ನಿಮಿಷ ನಿಂತದ್ದರಿಂದ ನನ್ನ ತಂದೆಯ ಮಾತು ಹೋಯಿತು. ಅದಕ್ಕೆ ನೀವು ಹೇಳಿದ ಸಮಾಧಾನವೆಂದರೆ ನನ್ನ ಹೆಂಡತಿಗೆ ಕಳಿಸಿದ ಅತಿಕ್ರಮ ಪ್ರವೇಶದ ನೋಟಿಸು. ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪತ್ರಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ಈ ಸಲ ಕನ್ನಡದಲ್ಲಿ, ಸಿಡ್ನಿ, ಮೆಲ್ಬರ್ನ್ ಕನ್ನಡಿಗರು ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅನುವಾದ ಮಾಡಿಸಿಕೊಳ್ಳುವ ಶ್ರಮ ನಿಮ್ಮದಾಗಲಿ.

ವೆರಿಂಡಾ ಆ ಎರಡು ನಗರಗಳ ನಡುವಿನ ಗೋಧಿ ಬಯಲಿನಲ್ಲಿದೆ. ಒಂಬೈನೂರು ಜನರ ಊರು. ರೈಲು ಬಂದದ್ದಕ್ಕೇ ಹುಟ್ಟಿದ್ದು. ಗೋಧಿಯ ಕಣಜಗಳು, ಅಂಗಡಿ, ಆಸ್ಪತ್ರೆ ಹಳಿಯ ದಕ್ಷಿಣಕ್ಕೆ. ಶಾಲೆ, ಮನೆಗಳು ಉತ್ತರಕ್ಕೆ. ಊರನ್ನು ಹೀಗೆ ಸೀಳಿದವರು ನಿಮ್ಮ ಇಲಾಖೆಯ ಹಿರಿಯರೇ. ನನ್ನ ಹೆಂಡತಿ ಮಹಾಶ್ವೇತಾ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅದಕ್ಕಾಗಿಯೇ ಮೆಲ್ಬರ್ನ್ ಅಂಚಿನ ಕ್ರೇಗಿಬರ್ನ್ ಬಿಟ್ಟು ಬಂದೆವು.

ತಂದೆ ಗುರುಶಾಂತಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದವರು. ನಮ್ಮಲ್ಲಿಗೆ ಬಂದ ವಾರದಲ್ಲೇ ಗೇಟಿನ ಬಳಿ ನಿಂತು ನನಗೆ ಹೇಳಿದ್ದರು: “ಗೌರ್ಯಾ, ಬಾಜೂ ಹಳಿ ಗಿಡ್ಡ ಐತಿ, ಗಾಡಿ ಉದ್ದ. ಎದುರು ಗಾಡಿಗೆ ದಾರಿ ಬಿಡಾಕ ನಿಂತ್ರ ಬಾಲ ಗೇಟಿನ ಮ್ಯಾಲ ಉಳೀತೈತಿ. ಇವ್ರಿಗೆ ಅಳತಿ ತಿಳಿಯಂಗಿಲ್ಲೇನ?” ನಿಮ್ಮ ಎಂಜಿನಿಯರುಗಳಿಗೆ ಇದು ಇನ್ನೂ ಪರಿಶೀಲನೆಯಲ್ಲಿದೆ!

ಫೆಬ್ರವರಿಯ ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಅಪ್ಪನ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು. ಡ್ಯೂಟಿಯಲ್ಲಿದ್ದ ಮಹಾಶ್ವೇತಾಳಿಗೆ ಫೋನ್ ಮಾಡಿದೆ. ಅವಳನ್ನು ಹತ್ತಿಸಿಕೊಂಡು ಆಂಬುಲೆನ್ಸ್ ಮೂರೇ ನಿಮಿಷದಲ್ಲಿ ಗೇಟಿಗೆ ಬಂತು. ಗಾಡಿ ಅಡ್ಡ ನಿಂತಿತ್ತು. ಕೇಳಿದರೆ ನಿಮ್ಮ ಕಂಟ್ರೋಲ್ ರೂಮಿನವರು “ಇನ್ನೈದು ನಿಮಿಷ” ಎಂದರು. ಆಮೇಲೆ ಇನ್ನೈದು. ಮತ್ತೆ ಇನ್ನೈದು. ಆಂಬುಲೆನ್ಸ್ ಡ್ರೈವರ್ ಬೇಡವೆಂದು ಕೂಗುತ್ತಿದ್ದರೂ ಅವಳು ಎರಡು ವ್ಯಾಗನ್‌ಗಳ ನಡುವಿನ ಕೊಂಡಿ ಹತ್ತಿ, ಈಚೆ ಧುಮುಕಿ, ಮನೆಗೆ ಓಡಿ ಬಂದಳು.

“ಮಾವಾರ, ನನ್ನ ನೋಡ್ರಿ. ನಿಮ್ಮ ಹೆಸರು ಹೇಳ್ರಿ.”

“ಗು... ಗು...” ಎಂದರು ಅಪ್ಪ. ಅಷ್ಟೇ.

ಅವಳ ಚೀಲದಲ್ಲಿ ಬಿಪಿ ಅಳೆಯುವ ಯಂತ್ರವಿತ್ತು. ಸ್ಕ್ಯಾನ್ ಆಗಲಿ, ಮಿದುಳಿನ ಹೆಪ್ಪು ಕರಗಿಸುವ ಔಷಧವಾಗಲಿ ಚೀಲದಲ್ಲಿ ಬರುವುದಿಲ್ಲ. ಇಬ್ಬರೂ ಅಪ್ಪನ ಕೈ ಹಿಡಿದು, ಕಿಟಕಿಯಾಚೆ ಅಲುಗದೆ ನಿಂತ ನಿಮ್ಮ ಗಾಡಿಯನ್ನು ನೋಡುತ್ತ ಕುಳಿತೆವು. ಗಾಡಿ ಸರಿದ ಮೇಲೆ ಆಂಬುಲೆನ್ಸ್ ಅಪ್ಪನನ್ನು ನಗರದ ದೊಡ್ಡಾಸ್ಪತ್ರೆಗೆ ಒಯ್ದಿತು. ಒಂದು ಗಂಟೆ ಮುಂಚೆ ಬಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು ಅಲ್ಲಿಯ ಡಾಕ್ಟರು. ಈಗ ಅಪ್ಪನಿಗೆ ಎಲ್ಲ ಅರ್ಥವಾಗುತ್ತದೆ, ಹೇಳಲು ಮಾತ್ರ ಬಾರದು. ಸಿಟ್ಟಿಗೆ ತಟ್ಟೆ ನೂಕುತ್ತಾರೆ, ಆಮೇಲೆ ಅಳುತ್ತಾರೆ.

ಒಂಬತ್ತನೆಯ ದಿನ ನಿಮ್ಮ ನೋಟಿಸು ಬಂತು: ‘ನಿಮ್ಮ ಜೀವ ನಮಗೆ ಅಮೂಲ್ಯ.’ ಜೊತೆಗೆ ಗೇಟಿನ ಕ್ಯಾಮೆರಾ ತೆಗೆದ, ಕೊಂಡಿ ಹತ್ತುತ್ತಿರುವ ಮಹಾಶ್ವೇತಾಳ ಚಿತ್ರ. ಎಷ್ಟು ಚುರುಕು ಕಣ್ಣು! ಅದೇ ಕಣ್ಣಿಗೆ ದೀಪ ಮಿನುಗಿಸುತ್ತ ನಿಂತ ಆಂಬುಲೆನ್ಸ್ ಕಾಣಲಿಲ್ಲವೇ? ಗಾಡಿ ಅಲುಗಿದ್ದರೆ ಏನು ಗತಿ ಎಂದು ನಾನೂ ಅವಳನ್ನು ಗದರಿದ್ದೆ. “ವಿಚಾರ ಮಾಡ್ಕೋತ ನಿಲ್ಲಾಕ ಆಗ್ತಿತ್ತೇನ್ರಿ?” ಎಂದಳು. ನಿಮ್ಮ ಬಳಿ ಉತ್ತರವಿದ್ದರೆ ಅವಳಿಗೆ ಕೊಡಿ.

ನೋಟಿಸು ಹಿಂತೆಗೆದುಕೊಂಡು ಅವಳಲ್ಲಿ ಲಿಖಿತ ಕ್ಷಮೆ ಕೇಳಿ. ಬಾಜೂ ಹಳಿಯನ್ನು ಎಂದು ಉದ್ದ ಮಾಡುತ್ತೀರಿ, ದಿನಾಂಕ ತಿಳಿಸಿ. ಅಲ್ಲಿಯವರೆಗೆ ಅದರಲ್ಲಿ ಹಿಡಿಸದ ಗಾಡಿಯನ್ನು ಇಲ್ಲಿ ನಿಲ್ಲಿಸಕೂಡದು. ನಿಲ್ಲಿಸಿದಿರೋ, ಮಹಾಶ್ವೇತಾ ಮತ್ತೆ ಹತ್ತುತ್ತಾಳೆ. ಈ ಸಲ ಸ್ಟ್ರೆಚರ್ ಹಿಡಿದು ಅವಳ ಹಿಂದೆ ನಾನೂ ಹತ್ತುತ್ತೇನೆ. ಎರಡು ನೋಟಿಸು ಸಿದ್ಧವಿಟ್ಟುಕೊಳ್ಳಿ.

ಇಂತಿ,
ಹಳಿಯ ಉತ್ತರಕ್ಕೆ ಮನೆ ಮಾಡಿದ ತಪ್ಪಿತಸ್ಥ,
ಗೌರೀಶ