ನೂರ ಹತ್ತು ಯಾರ ಅಂಕಿ

ಗುರುವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಪಿಟೀಲು,

ನಿನ್ನ ಎರಡು ಕಾಗದಕ್ಕೂ ಉತ್ತರಿಸದೆ ಕೂತೆ, ಬೈಯಬೇಡ. ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯದಿದ್ದರೆ ನೀನು ಹೆದರುತ್ತೀಯ. ಇದರಲ್ಲೇ ದಿನ ಕಳೆಯಿತು. ನಿನ್ನ ಭಾವ ಮಾತ್ರ, "ನಿನ್ನ ತಂಗಿ ಇನ್ನೂ ಪಿಟೀಲು ಕುಯ್ಯೋಕೆ ಶುರು ಮಾಡಿಲ್ವಾ?" ಎಂದು ದಿನಾ ಕೇಳುತ್ತಾರೆ.

ಭಾವನಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಮತ್ತೆ ಕೀಮೋ ಯಾಕೆ ನಿಂತಿದೆ ಎಂದು ನೀನು ಕೇಳಿದ್ದೆ. ರಕ್ತದಲ್ಲಿ ಸಿಆರ್‌ಪಿ ಅಂತ ಒಂದು ಅಂಶ. ಮೈಯಲ್ಲಿ ಎಲ್ಲಾದರೂ ಉರಿಯೂತವಾದರೆ ಯಕೃತ್ತು ಅದನ್ನು ಸುರಿಯುತ್ತದೆ. ಹತ್ತರೊಳಗಿರಬೇಕು, ಭಾವನದು ನೂರ ಹತ್ತು. ಸೋಂಕಿದ್ದಾಗ ಕೀಮೋ ಕೊಟ್ಟರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಮೂರು ವಾರ ಕಾದದ್ದಾಯಿತು, ಎರಡು ಬಗೆಯ ಆಂಟಿಬಯಾಟಿಕ್ ಮುಗಿಯಿತು. ಅಂಕಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಒಂದು ಕ್ರಿಮಿಯೂ ಬೆಳೆಯಲಿಲ್ಲ.

ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿ ಈ ಅಂಕಿ ಅಳೆದವಳು ನಾನು. ಹತ್ತು ದಾಟಿದರೆ ಕೆಳಗೊಂದು ಕೆಂಪು ಗೆರೆ ಎಳೆದು ಕಳಿಸುವುದು, ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಈಗ ಮೊದಲ ಸಲ ಕುತೂಹಲ ಹತ್ತಿತು. ಸೋಮವಾರ ಊಟದ ಬಿಡುವಿನಲ್ಲಿ ರಿಜಿಸ್ಟರ್ ತೆಗೆದು ಭಾವನ ಹಳೆಯ ಅಂಕಿಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಗೆಡ್ಡೆ ಪತ್ತೆಯಾದ ದಿನವೇ ತೊಂಬತ್ತೆಂಟು! ಅವತ್ತು ಮೈ ತಣ್ಣಗಿತ್ತು, ಮೂರು ಮಹಡಿ ತಾವೇ ಹತ್ತಿದ್ದರು.

ಕೀಮೋ ಕೊಡುವ ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ನೋಡಿದರು. "ಗೆಡ್ಡೆಯೇ ಇದನ್ನ ಏರಿಸ್ತಿರೋ ಹಾಗಿದೆ. ಪ್ರೊಕ್ಯಾಲ್ಸಿಟೋನಿನ್ ಅಂತ ಇನ್ನೊಂದು ಸೋಂಕಿನ ಪರೀಕ್ಷೆ ಇದ್ಯಲ್ಲ, ಅದೂ ಕೆಲವು ಗೆಡ್ಡೆಗಳಲ್ಲಿ ಸೋಂಕಿಲ್ಲದೇ ಏರುತ್ತೆ" ಅಂದರು.

"ಹಾಗಾದ್ರೆ ಈ ಅಂಕಿ ಬಿಟ್ಟುಬಿಡೋಣ್ವಾ?"

"ಅಯ್ಯೋ ಬೇಡ! ಇವರ ಮಾಮೂಲು ಮಟ್ಟದಿಂದ ದಿಢೀರಂತ ಮೇಲೆ ಹೋದ್ರೆ ಹುಡುಕಲೇಬೇಕು. ಜ್ವರ ಬಂದ್ರಂತೂ ಅಂಕಿ ಎಷ್ಟೇ ಇರಲಿ, ಓಡಿ ಬನ್ನಿ."

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ನಿನ್ನ ಭಾವನಿಗೆ ಇದು ನನಗಿಂತ ಬೇಗ ಅರ್ಥವಾಯಿತು. "ಯಾವಾಗ್ಲೂ ಹತ್ತು ನಿಮಿಷ ಮುಂದಿರೋ ಗಡಿಯಾರದ ಜೊತೆ ಬಾಳಬಹುದು ಕಣೇ. ಇದ್ದಕ್ಕಿದ್ದಂತೆ ಅರ್ಧ ಗಂಟೆ ಮುಂದೆ ಹೋದ್ರೆ ಬಿಚ್ಚಬೇಕು" ಅಂದರು.

ನಾಳೆ ಬೆಳಿಗ್ಗೆ ಕೀಮೋ. ನೀನು, ಮಕ್ಕಳು ತಣ್ಣಗಿರಿ. ಮೊಣಕಾಲು ನೋವಿಟ್ಟುಕೊಂಡು ಜಂಬಕ್ಕೆ ನೀರಿನ ಬಿಂದಿಗೆ ಎತ್ತಬೇಡ. ನಿನಗೆ ನನ್ನ ಆಯುಸ್ಸೂ ಸೇರಲಿ.

ನಿನ್ನ ಅಕ್ಕ

ಮಡಿಸಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಮೂರು ವಾರದ ಹಿಂದೆ ಡಾಕ್ಟರಮ್ಮ, "ಸೋಂಕು ಕಾಣ್ತಿಲ್ಲ, ಕೊಟ್ಟುಬಿಡೋಣ" ಅಂದಿದ್ದರು. ಭಾವ ಹೊರಗೆ ತೂಕ ನೋಡಿಸುತ್ತಿದ್ದರು. "ನೂರು ದಾಟಿದೆ, ಬೇಡ" ಎಂದು ಹಟ ಹಿಡಿದವಳು ನಾನು. ಲ್ಯಾಬಿನವರೇ ಹೆದರಿದರೆ ಕಾಯೋಣ ಎಂದು ಡಾಕ್ಟರಮ್ಮ ಒಪ್ಪಿದರು. ಆ ತೊಂಬತ್ತೆಂಟನ್ನು ಬರೆದ ಕೈಯೂ ನನ್ನದೇ, ಅವತ್ತು ಗೆಡ್ಡೆಯ ವರದಿಯ ಮುಂದೆ ಅದು ಕಣ್ಣಿಗೇ ಬೀಳಲಿಲ್ಲ. ಕಾದ ಈ ಮೂರು ವಾರದಲ್ಲಿ ಮೂರು ಸೆಂಟಿಮೀಟರ್ ಇದ್ದ ಗೆಡ್ಡೆ ನಾಲ್ಕೂವರೆ ಆಗಿದೆ. ಭಾವ ನನ್ನ ಹಾಳೆಯನ್ನು ಬಂದವರಿಗೆಲ್ಲ ತೋರಿಸಿ, "ನನ್ನ ಹೆಂಡ್ತಿ ಕಂಡುಹಿಡಿದಿದ್ದು" ಅನ್ನುತ್ತಾರೆ. ನಾನು ಪಕ್ಕದಲ್ಲಿ ನಿಂತು ನಗುತ್ತೇನೆ.